ಮಳೆಗೆ ಮೊದಲು ಮಾಡು ಹತ್ತುವ ಕೆಲಸ

ಕಳೆದ ವರ್ಷ ಆರಿದ್ರಾ ಮಳೆ ಹಿಡಿದ ಮೂರನೆಯ ದಿನ ನಮ್ಮ ಅಡುಗೆಮನೆಯಲ್ಲಿ, ಒರಳುಕಲ್ಲಿನ ಪಕ್ಕಕ್ಕೆ, ಹನಿ ಬೀಳಲು ಶುರುವಾಯಿತು. ಅಮ್ಮ ಅದರ ಕೆಳಗೆ ಒಂದು ಪಾತ್ರೆ ಇಟ್ಟರು. ಮಳೆ ಸ್ವಲ್ಪ ಹೊಳವಾದಾಗ ನಾನು ಏಣಿ ಹಾಕಿ, ಹನಿ ಬೀಳುವ ಜಾಗಕ್ಕೆ ನೆಟ್ಟಗೆ ಮೇಲಿದ್ದ ಹೆಂಚನ್ನು ತೆಗೆದು ಬೇರೆ ಹಾಕಿದೆ. ಸೋರುವುದು ನಿಲ್ಲಲಿಲ್ಲ. ಮರುದಿನ ಅದರ ಅಕ್ಕಪಕ್ಕದ ಎರಡನ್ನೂ ಬದಲಾಯಿಸಿದೆ, ಆಗಲೂ ನಿಲ್ಲಲಿಲ್ಲ. ಸಂಜೆ ಬಂದ ದೊಡ್ಡಪ್ಪ ಒಲೆಯ ಹತ್ತಿರ ನಿಂತು ಮೇಲೆ ನೋಡಿ, "ಹನಿ ಬಿದ್ದಲ್ಲಿ ಸೋರುವುದಲ್ಲ ಮಾರಾಯ, ನೀರು ಬಂದ ದಾರಿ ಹಿಡಿದು ಮೇಲಕ್ಕೆ ಹೋಗು" ಎಂದರು. ಟಾರ್ಚು ಹಿಡಿದು ನೋಡಿದರೆ ಹೆಂಚಿನಡಿಯ ಇಳಿಜಾರು ಮರವಾದ ಪಕಾಸಿಯ ಹೊಟ್ಟೆಯಗುಂಟ ನೀರಿನ ತೆಳುವಾದ ಗೆರೆಯೊಂದು ಇಳಿದು ಬರುತ್ತಿತ್ತು. ಮರದ ಗಂಟೊಂದು ಅಡ್ಡ ಸಿಕ್ಕಿದಲ್ಲಿ ತಡೆದು ನಿಂತು, ಅಲ್ಲಿಂದ ಹನಿಯಾಗಿ ಬೀಳುತ್ತಿತ್ತು. ಆ ಗೆರೆಯನ್ನು ಹಿಂಬಾಲಿಸಿದಾಗ ನಾಲ್ಕು ಸಾಲು ಮೇಲೆ, ತೆಂಗಿನ ಒಣಗರಿ ಬಿದ್ದು ಸೀಳಿದ್ದ ಹೆಂಚು ಸಿಕ್ಕಿತು. ಸುಮ್ಮನೆ ಮೂರು ಒಳ್ಳೆಯ ಹೆಂಚುಗಳನ್ನು ಕಿತ್ತಿದ್ದೆ.

ಅಂದೇ ಈ ವರ್ಷ ಇಡೀ ಮಾಡನ್ನು, ಎಂದರೆ ಹೆಂಚಿನ ಛಾವಣಿಯನ್ನು, ನಾವೇ ಕೈಯಾಡಿಸಿ ಸರಿಪಡಿಸಬೇಕು ಎಂದು ನಿಶ್ಚಯಿಸಿದೆ. ನಮ್ಮ ತೀರ್ಥಹಳ್ಳಿ ಸೀಮೆಯಲ್ಲಿ ಈ ಕೆಲಸ ಚೆನ್ನಾಗಿ ಬಲ್ಲವರು ಈಗ ಕೆಲವರೇ ಉಳಿದಿದ್ದಾರೆ, ಅವರನ್ನು ಎಲ್ಲ ಮನೆಗಳವರೂ ಮೇ ತಿಂಗಳ ಅದೇ ಎರಡು ವಾರಗಳಲ್ಲಿ ಕರೆಯುತ್ತಾರೆ. ಇಲ್ಲಿಂದ ಹೆಚ್ಚು ದೂರವಿಲ್ಲದ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ನಮ್ಮಲ್ಲಿ ಅಷ್ಟಿಲ್ಲದಿದ್ದರೂ ಒಮ್ಮೆ ಮಳೆ ಕೂತಿತೆಂದರೆ ಮಾಡು ಹತ್ತುವ ಮಾತೇ ಇಲ್ಲ. ಅಡಿಕೆ ತೋಟದ ಕಪ್ಪಿನ (ಬಸಿಗಾಲುವೆಯ) ಕೆಲಸ ಮುಗಿದು, ಒಣಗಿಸಿದ ಸೌದೆ ಕೊಟ್ಟಿಗೆಯ ಅಟ್ಟಕ್ಕೆ ಸೇರಿದ ಮೇಲೆ, ಏಪ್ರಿಲ್ ಕೊನೆಗೆ ನಾನು ಮತ್ತು ತಮ್ಮ ಶುರು ಮಾಡಿದೆವು.

ಮೊದಲ ಕೆಲಸ ಮಾಡಿನ ಮೇಲಲ್ಲ, ಅಟ್ಟದೊಳಗೆ. ಬಿಸಿಲು ನೆತ್ತಿಗೆ ಬಂದ ಹೊತ್ತಿನಲ್ಲಿ ಅಟ್ಟ ಹತ್ತಿ, ಕಿಟಕಿ ಬಾಗಿಲುಗಳನ್ನೆಲ್ಲ ಮುಚ್ಚಿಸಿ, ಕಣ್ಣು ಕತ್ತಲೆಗೆ ಹೊಂದಿಕೊಳ್ಳುವವರೆಗೆ ಹತ್ತು ನಿಮಿಷ ಸುಮ್ಮನೆ ಕುಳಿತಿರಬೇಕು. ಆಮೇಲೆ ಮಾಡು ತಾನೇ ತೋರಿಸುತ್ತದೆ. ಹೆಂಚು ಹೆಂಚಿನ ಜೋಡಣೆಯಲ್ಲಿ ಬರುವ ಬೆಳಕು ಮಂಕಾಗಿ ಹರಡಿಕೊಂಡಿರುತ್ತದೆ, ಬಿರುಕಿನಿಂದ ಬರುವ ಬೆಳಕು ಬಿಳಿಯ ದಾರ ಎಳೆದಂತೆ ತೆಳ್ಳಗೆ, ಚೂಪಾಗಿ ಕಾಣುತ್ತದೆ. ಅಂಥ ದಾರ ಕಂಡಲ್ಲೆಲ್ಲ ನಾನು ಒಳಗಿನಿಂದ ಹೆಂಚನ್ನು ಒಂದಿಷ್ಟು ಎತ್ತಿ, ಸಂದಿನಲ್ಲಿ ಅಡಿಕೆ ಹಾಳೆಯ ತುಂಡೊಂದನ್ನು ಹೊರಕ್ಕೆ ಚಾಚಿ ಸಿಕ್ಕಿಸುತ್ತಾ ಹೋದೆ. ಅಂಗಳದಲ್ಲಿ ನಿಂತಿದ್ದ ತಮ್ಮ ಹೊರಗೆ ಚಾಚಿದ ತುಂಡುಗಳನ್ನು ಎಣಿಸಿ ಹೇಳಿದ: ಮೂವತ್ತೆಂಟು. ನೂರು ಚದರ ಅಡಿ ಮಾಡಿಗೆ ಹತ್ತಿರ ಹತ್ತಿರ 150 ಹೆಂಚು ಹಿಡಿಯುತ್ತದೆ, ಆ ಲೆಕ್ಕದಲ್ಲಿ ನಮ್ಮ ಮನೆಯ ಮೇಲೆ ಸುಮಾರು 2,400 ಇವೆ. ಅಷ್ಟರಲ್ಲಿ ಮೂವತ್ತೆಂಟು ಎಂದರೆ ನಾನು ಹೆದರಿದ್ದಕ್ಕಿಂತ ಕಡಿಮೆಯೇ.

ಒಳ್ಳೆಯ ಹೆಂಚನ್ನು ಗುರುತಿಸುವುದು ಕಿವಿಯಿಂದ. ಒಂದು ಕೈಯಲ್ಲಿ ಸಡಿಲವಾಗಿ ತೂಗುಹಿಡಿದು ಬೆರಳ ಗಣ್ಣಿನಿಂದ ತಟ್ಟಿದರೆ ಗಟ್ಟಿ ಹೆಂಚು ಠಣ್ಣೆನ್ನುತ್ತದೆ, ಕಣ್ಣಿಗೆ ಕಾಣದ ಬಿರುಕಿದ್ದರೆ ಸ್ವರ ಒಡೆದು ದೊಪ್ಪೆನ್ನುತ್ತದೆ. ನಾವು ಇಳಿಸಿದ ಹೆಂಚುಗಳಲ್ಲಿ ಅತ್ಯಂತ ಸ್ಪಷ್ಟವಾಗಿ ದನಿ ಕೊಟ್ಟವು ಅತ್ಯಂತ ಹಳೆಯವೇ. ಪಾಚಿಯನ್ನು ತೆಂಗಿನ ನಾರಿನಿಂದ ಉಜ್ಜಿ ತೊಳೆದಾಗ ಅವುಗಳ ಮೈಮೇಲೆ ಬಾಸೆಲ್ ಮಿಷನ್ ಎಂಬ ಉಬ್ಬಕ್ಷರಗಳೂ 1865 ಎಂಬ ಇಸವಿಯೂ ಎದ್ದು ಬಂದವು. ಅದು ಹೆಂಚು ಸುಟ್ಟ ವರ್ಷವಲ್ಲ. ಮಂಗಳೂರಿನ ಜೆಪ್ಪುವಿನಲ್ಲಿ ಈ ಸ್ವಿಸ್ ಕ್ರೈಸ್ತ ಮಿಷನ್ನಿನವರು ಕಾರ್ಖಾನೆ ಆರಂಭಿಸಿದ ವರ್ಷ. ನೇತ್ರಾವತಿ, ಗುರುಪುರ ನದಿಗಳ ದಂಡೆಯ ಜೇಡಿಮಣ್ಣಿನಿಂದ ಅಲ್ಲಿನ ಕಾರ್ಖಾನೆಗಳು ಹೆಂಚು ಮಾಡುತ್ತಿದ್ದವು. ಅಜ್ಜ ಈ ಮನೆ ಕಟ್ಟಿಸುವಾಗ ಇವು ಆಗುಂಬೆ ಘಾಟಿ ಹತ್ತಿ ಬಂದವೆಂದು ಮನೆಯಲ್ಲಿ ಹೇಳುತ್ತಾರೆ. ಅಂಥ ಹೆಂಚೊಂದನ್ನು ತೊಳೆದು, ಬಿಸಿಲಿಗೆ ಒರಗಿಸಿ, ಮತ್ತೆ ಅದರ ಜಾಗಕ್ಕೆ ಕೂರಿಸುವಾಗ ನನಗಾದ ಸಂತೋಷ ದೊಡ್ಡದು.

ಬದಲಿ ಹೆಂಚಿನ ವಿಷಯದಲ್ಲಿ ಮಾತ್ರ ಒಂದು ವಾರ ಹಾಳಾಯಿತು. ಪೇಟೆಯ ಅಂಗಡಿಯೊಂದರಲ್ಲಿ "ಎಲ್ಲ ಮಂಗಳೂರು ಹೆಂಚೂ ಒಂದೇ ಅಳತೆ" ಎಂದು ಹೇಳಿದ್ದನ್ನು ನಂಬಿ ಐವತ್ತು ಹೊಸ ಹೆಂಚು ತಂದೆ. ಉದ್ದ ಅಗಲಗಳು ಹೆಚ್ಚುಕಡಿಮೆ ಸರಿಯೇ ಇದ್ದವು. ಆದರೆ ಒಂದು ಹೆಂಚಿನ ಏಣು ಪಕ್ಕದ ಹೆಂಚಿನ ಕಚ್ಚಿನಲ್ಲಿ ಕೂರಬೇಕಲ್ಲ, ಅದು ಒಂದು ಕಾರ್ಖಾನೆಯ ಅಚ್ಚಿನಿಂದ ಇನ್ನೊಂದಕ್ಕೆ ಬೇರೆಯಾಗುತ್ತದೆ. ಹಳೆಯದರ ನಡುವೆ ಹೊಸದನ್ನು ಸೇರಿಸಿದರೆ ಕೆಳತುದಿ ಬೆರಳು ದಪ್ಪದಷ್ಟು ಎದ್ದು ನಿಲ್ಲುತ್ತಿತ್ತು, ಗಾಳಿಮಳೆಗೆ ಆ ಸಂದಿನಿಂದ ಎರಚಲು ನೇರ ಒಳಗೆ ಬರುತ್ತದೆ. ಕೊನೆಗೆ ಹೊಸ ಹೆಂಚುಗಳನ್ನೆಲ್ಲ ಕೊಟ್ಟಿಗೆಯ ಒಂದು ಪಾರ್ಶ್ವಕ್ಕೆ ಒಟ್ಟಾಗಿ ಹೊದೆಸಿ, ಅಲ್ಲಿಂದ ಇಳಿಸಿದ ಹಳೆಯವನ್ನು ಮನೆಯ ಮಾಡಿಗೆ ತಂದೆವು. ಇದನ್ನು ಓದುವವರಲ್ಲಿ ಯಾರಾದರೂ ಇದೇ ಕೆಲಸಕ್ಕೆ ಇಳಿಯುವುದಾದರೆ, ದಯವಿಟ್ಟು ನಿಮ್ಮ ಮನೆಯ ಹೆಂಚೊಂದನ್ನು ಕೈಯಲ್ಲೇ ಹಿಡಿದುಕೊಂಡು ಹೋಗಿ, ಜೋಡಿಸಿ ನೋಡಿ ತನ್ನಿ. ಹತ್ತಿರದಲ್ಲಿ ಯಾರಾದರೂ ಹಳೆಯ ಮನೆ ಬಿಚ್ಚುತ್ತಿದ್ದರೆ ಮೊದಲು ಅಲ್ಲಿ ಕೇಳಿ.

ಹೆಂಚು ಇಳಿಸಿದ ಮೇಲೆ ಮರ ಕಾಣಿಸುತ್ತದೆ, ನಿಜವಾದ ಚಿಂತೆ ಅಲ್ಲಿರುತ್ತದೆ. ಬಚ್ಚಲುಮನೆಯ ಮೇಲಿನ ರೀಪುಗಳು, ಎಂದರೆ ಹೆಂಚು ಕೂರುವ ಅಡ್ಡಪಟ್ಟಿಗಳು, ಹಂಡೆಯ ಒಲೆಯ ಹೊಗೆ ದಿನವೂ ತಾಗುವುದರಿಂದ, ಇದ್ದಿಲಿನಷ್ಟು ಕಪ್ಪಾಗಿ ಕಬ್ಬಿಣದಷ್ಟು ಗಟ್ಟಿಯಾಗಿದ್ದವು. ಅಡುಗೆಮನೆಯ ಕಡೆ, ಗ್ಯಾಸಿನ ಒಲೆ ಬಂದು ಹೊಗೆ ನಿಂತ ಮೇಲೆ ಹಾಕಿದ ರೀಪುಗಳಲ್ಲಿ ಹನ್ನೊಂದನ್ನು ಒರಲೆ ಒಳಗಿನಿಂದ ತಿಂದಿತ್ತು. ಉಗುರಿನಿಂದ ಒತ್ತಿದರೆ ಮೇಲಿನ ತೊಗಟೆಯಂಥ ಪದರ ಕುಸಿದು, ಒಳಗಿನಿಂದ ಮಣ್ಣು ಉದುರುತ್ತಿತ್ತು. ಅಮ್ಮನಿಗೆ ಮತ್ತೆ ಹೊಗೆಯಲ್ಲಿ ಅಡುಗೆ ಮಾಡಿ ಎಂದು ಹೇಳುವುದು ನ್ಯಾಯವಲ್ಲ, ಆ ಹೊಗೆ ಅವರ ಕಣ್ಣಿಗೆ ಏನು ಮಾಡಿತ್ತು ಎಂಬುದನ್ನು ನಾನು ಬಲ್ಲೆ. ಆದ್ದರಿಂದ ಬಲಿತ ಅಡಿಕೆ ಮರದ ದಬ್ಬೆಯಿಂದ ಹೊಸ ರೀಪು ಸೀಳಿಸಿ, ಎರಡು ಕೈ ಗೇರೆಣ್ಣೆ ಬಳಿದು, ಒಂದು ವಾರ ಒಣಗಲು ಬಿಟ್ಟು ಹೊಡೆದೆವು. ಗೇರೆಣ್ಣೆ ಮೈಗೆ ತಾಗಿದರೆ ಚರ್ಮ ಸುಟ್ಟು ಬೊಬ್ಬೆ ಏಳುತ್ತದೆ, ಕೈಗವಸಿಲ್ಲದೆ ಅದನ್ನು ಮುಟ್ಟಬಾರದು. ರೀಪಿನಿಂದ ರೀಪಿಗೆ ಇರಬೇಕಾದ ಅಂತರವನ್ನು ಟೇಪಿಗಿಂತ ಹಳೆಯ ಎರಡು ಹೆಂಚುಗಳನ್ನೇ ಇಟ್ಟು ಹಿಡಿಯುವುದು ಒಳ್ಳೆಯದು. ಅಂತರ ಅರ್ಧ ಇಂಚು ಹೆಚ್ಚಾದರೂ ಮೇಲಿನ ಹೆಂಚು ಕೆಳಗಿನದರ ಮೇಲೆ ಹೊದೆಯುವುದು ಅಷ್ಟು ಕಡಿಮೆಯಾಗುತ್ತದೆ.

ಮಾಡಿನ ಮೇಲೆ ನಡೆಯುವುದನ್ನು ಕಲಿಯಲು ನನಗೆ ಆರು ಹೆಂಚುಗಳ ಬೆಲೆ ತೆರಬೇಕಾಯಿತು. ಹೆಂಚಿನ ನಡುಮಧ್ಯದಲ್ಲಿ ಕಾಲಿಟ್ಟರೆ ಅದು ಮುರಿಯುತ್ತದೆ. ಒಂದರ ಮೇಲೊಂದು ಕೂತು ಕೆಳಗೆ ರೀಪಿನ ಆಸರೆ ಇರುವ ಜಾಗದಲ್ಲಿ ಮಾತ್ರ ಭಾರ ಹಾಕಬೇಕು. ಎರಡನೆಯ ದಿನದಿಂದ ಮರದ ಏಣಿಯೊಂದನ್ನು ಮಾಡಿನ ಇಳಿಜಾರಿನ ಮೇಲೆ ಮಲಗಿಸಿ, ಅದರ ತಲೆಯನ್ನು ನೆತ್ತಿಯ ಆಚೆ ಬದಿಯ ಕಂಬಕ್ಕೆ ಹಗ್ಗದಿಂದ ಕಟ್ಟಿ, ಅದರ ಮೆಟ್ಟಿಲುಗಳ ಮೇಲಷ್ಟೇ ಓಡಾಡಿದೆವು. ಸೊಂಟಕ್ಕೂ ಹಗ್ಗವಿತ್ತು. ಸಂಜೆ ಗುಡುಗಿನ ಸದ್ದು ಕೇಳಿದೊಡನೆ, ಎಷ್ಟೇ ಕೆಲಸ ಬಾಕಿ ಇದ್ದರೂ, ತೆರೆದ ಜಾಗಕ್ಕೆ ಟಾರ್ಪಾಲು ಹೊದೆಸಿ ಕೆಳಗಿಳಿಯುತ್ತಿದ್ದೆವು.

ಎರಡು ಮಾಡುಗಳು ಕೂಡುವ ಒಳಮೂಲೆಯ ತಗಡಿನ ದೋಣಿಯಲ್ಲಿ ಎರಡು ಬುಟ್ಟಿ ತರಗೆಲೆ, ಒಂದು ಹಕ್ಕಿಗೂಡು ಸಿಕ್ಕವು. ಗೂಡು ಬರಿದಾಗಿತ್ತು.

ನೆಂಟರು ಅನೇಕರು "ಮೇಲೊಂದು ಶೀಟು ಹೊದೆಸಿಬಿಡು, ಮಂಗನ ಕಾಟವೂ ತಪ್ಪುತ್ತದೆ" ಎನ್ನುತ್ತಾರೆ. ಮಂಗನ ಕಾಟ ದೊಡ್ಡದೇ. ಮೂವತ್ತೆಂಟು ಹೆಂಚುಗಳಲ್ಲಿ ಅರ್ಧಕ್ಕೂ ಹೆಚ್ಚು ಒಡೆದದ್ದು ಹಲಸಿನ ಮರದಿಂದ ಮಂಗಗಳು ಹಾರುವ ಮೂಲೆಯಲ್ಲಿಯೇ. ಶೀಟು ಹಾಕಿದವರನ್ನು ನಾನು ತಪ್ಪೆನ್ನಲಾರೆ. ಆದರೂ ಹೆಂಚಿನ ಸಂದುಗಳಲ್ಲಿ ಗಾಳಿಯಾಡುವ ಈ ಮನೆ ಏಪ್ರಿಲ್ ಬಿಸಿಲಿನಲ್ಲೂ ಫ್ಯಾನಿಲ್ಲದೆ ತಡೆಯುವಂತಿರುತ್ತದೆ, ಒಂದು ಹೆಂಚು ಒಡೆದರೆ ಆ ಒಂದನ್ನೇ ಬದಲಾಯಿಸಿ ಮುಗಿಸಬಹುದು, ಅದನ್ನೂ ಎಷ್ಟೋ ಕಡೆ ಅಟ್ಟದ ಒಳಗಿನಿಂದಲೇ. ಹಲಸಿನ ಮರದ ಆ ಒಂದು ಕೊಂಬೆಯನ್ನು ಕಡಿಸಿದ್ದೇನೆ.

ಮೃಗಶಿರಾ ಮಳೆ ಬಂದು ಹತ್ತು ದಿನವಾಯಿತು. ಮೊದಲ ರಾತ್ರಿ ನಿದ್ದೆ ಬಾರದೆ ನಾನು ಟಾರ್ಚು ಹಿಡಿದು ಕೋಣೆ ಕೋಣೆ ತಿರುಗಿದೆ. ಒರಳುಕಲ್ಲಿನ ಸುತ್ತ ನೆಲ ಒಣಗಿತ್ತು. ಜಗಲಿಯ ಬಡಗಣ ಮೂಲೆಯಲ್ಲಿ ಮಾತ್ರ ಪಕಾಸಿಯ ಮೇಲೆ ಅಂಗೈಯಗಲ ತೇವವಿತ್ತು. ಅಲ್ಲಿಂದ ಮೇಲಕ್ಕೆ ಹೋದ ನೀರಿನ ಗೆರೆಯ ಉದ್ದಕ್ಕೂ ಬಳಪದಿಂದ ಗುರುತು ಹಾಕಿದ್ದೇನೆ. ಅದು ಮೂರನೆಯ ಸಾಲಿನವರೆಗೆ ಹೋಗಿ ನಿಂತಿದೆ. ಮಳೆ ಒಂದು ಹಗಲು ಹೊಳವಾದರೆ ಸಾಕು, ಠಣ್ಣೆನ್ನುವ ಹೆಂಚೊಂದನ್ನು ಆಗಲೇ ಅಟ್ಟದ ಮೇಲೆ ತಂದಿಟ್ಟಿದ್ದೇನೆ.