ಲೋಟದ ಲೆಕ್ಕವನ್ನು ತಕ್ಕಡಿಗೆ ಹಾಕುವ ಮೊದಲು

ಮೈಸೂರು ಪಾಕಿಗೆ ಹಲವು ಮನೆಗಳಲ್ಲಿ ಇರುವ ಲೆಕ್ಕ ಇದು: ಒಂದು ಲೋಟ ಕಡಲೆ ಹಿಟ್ಟು, ಎರಡು ಲೋಟ ಸಕ್ಕರೆ, ಎರಡು ಲೋಟ ತುಪ್ಪ. ತುಪ್ಪ ಇನ್ನೂ ಜಾಸ್ತಿ ಹಾಕುವವರೂ ಇದ್ದಾರೆ, ಅದು ಅವರವರ ರುಚಿ. ಆದರೆ ಈಗ ಅಡುಗೆಮನೆಗೆ ಡಿಜಿಟಲ್ ತಕ್ಕಡಿ ಬಂದಿದೆ, ಅದಕ್ಕೆ ತಕ್ಕ ಹಾಗೆ 100 ಗ್ರಾಂ ಹಿಟ್ಟು, 200 ಗ್ರಾಂ ಸಕ್ಕರೆ, 200 ಗ್ರಾಂ ತುಪ್ಪ ಅಂತ ಬರೆದುಕೊಂಡರೆ ಪಾಕ ಸರಿಬರುವುದಿಲ್ಲ.

240 ಎಂಎಲ್ ಹಿಡಿಯುವ ಕಪ್ಪಿನಲ್ಲಿ ಜರಡಿ ಹಿಡಿದ ಕಡಲೆ ಹಿಟ್ಟು ಸುಮಾರು 90ರಿಂದ 100 ಗ್ರಾಂ ತೂಗುತ್ತದೆ. ಅದೇ ಕಪ್ಪಿನ ತುಂಬ ಸಕ್ಕರೆ 200 ಗ್ರಾಂ, ಕರಗಿದ ತುಪ್ಪ ಹೆಚ್ಚುಕಡಿಮೆ 215 ಗ್ರಾಂ. ಅಂದರೆ ಲೋಟದಲ್ಲಿ 1:2:2 ಇದ್ದದ್ದು ತೂಕಕ್ಕೆ ಬಂದಾಗ 1:4:4ರ ಹತ್ತಿರ ಹೋಗುತ್ತದೆ. 200 ಗ್ರಾಂ ಸಕ್ಕರೆ ಹಾಕಿದರೆ ಬೇಕಾದದ್ದರಲ್ಲಿ ಅರ್ಧ ಹಾಕಿದ ಹಾಗೆ! ಹಾಗಾಗಿ ಯಾವ ಅಳತೆ ಎಂದು ಹೇಳದೆ ಬರೀ ಒಂದಕ್ಕೆರಡು ಅಂತ ಯಾರಾದರೂ ಹೇಳಿದರೆ, ಲೋಟದಲ್ಲೋ ತೂಕದಲ್ಲೋ ಅಂತ ಕೇಳಲೇಬೇಕು.

ಹಿಟ್ಟುಗಳದ್ದು ಇನ್ನೊಂದು ತಾಪತ್ರಯ. ಡಬ್ಬಿಯೊಳಗೆ ಕಪ್ಪನ್ನೇ ಒತ್ತಿ ತುಂಬಿದರೆ ಮೈದಾ 140 ಗ್ರಾಂ ದಾಟಬಹುದು, ಚಮಚದಿಂದ ಹಗುರವಾಗಿ ತುಂಬಿ ಮೇಲೆ ಸಮ ಮಾಡಿದರೆ 120ರ ಸುತ್ತಮುತ್ತ. ಕೇಕು ಗಟ್ಟಿಯಾಗಲು ಇಷ್ಟು ವ್ಯತ್ಯಾಸ ಸಾಕು, ಅದಕ್ಕೇ ಬೇಕಿಂಗ್ ಮಾಡುವವರಿಗೆ ತಕ್ಕಡಿ ಬೇಕೇ ಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಉಪ್ಪೂ ಹೀಗೆಯೇ. ಕಲ್ಲುಪ್ಪಿನ ಹರಳುಗಳ ನಡುವೆ ಜಾಗ ಇರುತ್ತದೆ, ಆದ್ದರಿಂದ ಉಪ್ಪಿನಕಾಯಿಗೆ ಒಂದು ಲೋಟ ಕಲ್ಲುಪ್ಪು ಅಂದಿದ್ದ ಕಡೆ ಒಂದು ಲೋಟ ಪುಡಿಯುಪ್ಪು ಸುರಿದರೆ ಉಪ್ಪು ಜಾಸ್ತಿಯಾಗುತ್ತದೆ. ತೂಕ ಮಾಡಿದರೆ ಈ ಗೊಂದಲವೇ ಇಲ್ಲ ಅಲ್ವಾ?

ಕಪ್ಪು ಅಂದರೂ ಎಲ್ಲ ಕಡೆ ಒಂದೇ ಅಲ್ಲ. ಅಮೆರಿಕದ ಕಪ್ಪು ಸುಮಾರು 237 ಎಂಎಲ್, ಆಸ್ಟ್ರೇಲಿಯಾದ್ದು 250. ಎಲೆಕ್ಟ್ರಿಕ್ ರೈಸ್ ಕುಕ್ಕರಿನ ಜೊತೆ ಕೊಡುವ ಪುಟ್ಟ ಲೋಟ ಸಾಮಾನ್ಯವಾಗಿ 180 ಎಂಎಲ್, ಅದು ಜಪಾನಿನ ಅಕ್ಕಿ ಅಳತೆ. ಟೇಬಲ್ ಚಮಚ ನಮ್ಮಲ್ಲಿ ಸಿಗುವ ಸೆಟ್ಟಿನಲ್ಲಿ 15 ಎಂಎಲ್, ಆಸ್ಟ್ರೇಲಿಯಾದಲ್ಲಿ 20.

ಇಂಟರ್ನೆಟ್ಟಿನ ಪಟ್ಟಿಗಳನ್ನು ಸುಮ್ನೆ ನಂಬುವುದಕ್ಕಿಂತ ನಿಮ್ಮ ಮನೆಯದ್ದೇ ಒಂದು ಪಟ್ಟಿ ಮಾಡಿಕೊಳ್ಳಿ. ಖಾಲಿ ಲೋಟವನ್ನು ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ ಮೊದಲು ನೀರು ತುಂಬಿ. ಎಷ್ಟು ಗ್ರಾಂ ಬರುತ್ತದೋ ಲೋಟ ಅಷ್ಟು ಎಂಎಲ್ ಹಿಡಿಯುತ್ತದೆ. ಆಮೇಲೆ ಲೋಟ ಒರೆಸಿಕೊಂಡು ಚಿರೋಟಿ ರವೆ, ಅಕ್ಕಿ ಹಿಟ್ಟು, ಬೆಲ್ಲದ ಪುಡಿ, ಗಟ್ಟಿ ಅವಲಕ್ಕಿ, ತೆಳು ಅವಲಕ್ಕಿ ಹೀಗೆ ನೀವು ದಿನಾ ಬಳಸುವುದನ್ನು ಒಂದೊಂದಾಗಿ ತೂಗಿ ಬರೆದಿಡಿ. ಅಮ್ಮನೋ ಅಜ್ಜಿಯೋ ಅಳೆಯುವ ಲೋಟ ಯಾವುದು ಅಂತ ಗೊತ್ತಿದ್ದರೆ ಅದರಲ್ಲೇ ತೂಗಿ, ಅವರ ಲೆಕ್ಕಗಳೆಲ್ಲ ನಿಂತಿರುವುದು ಆ ಲೋಟದ ಮೇಲೆ.

ಅಡುಗೆ ಸೋಡಾ, ಯೀಸ್ಟ್, ಇಂಗಿಗೆ ಮಾತ್ರ ಚಮಚವೇ ಸರಿ. ಒಂದೊಂದು ಗ್ರಾಂ ಲೆಕ್ಕದಲ್ಲಿ ತೋರಿಸುವ ತಕ್ಕಡಿಗೆ ಅಷ್ಟು ಚಿಕ್ಕ ತೂಕ ಸರಿಯಾಗಿ ಸಿಗುವುದಿಲ್ಲ.