ಜನಸಂದಣಿಯಲ್ಲಿ ತಡವರಿಸುವ ಫ್ರೇಮ್‌ಗಳು: ವರ್ಚುವಲ್ ಲೋಕದ ಕಂಪ್ಯೂಟರ್, ಪ್ರಗತಿ ವರದಿ

ಸೆಕೆಂಡ್ ಲೈಫ್ ಎಂಬ ಆನ್‌ಲೈನ್ ವರ್ಚುವಲ್ ಲೋಕದ ಕಿಕ್ಕಿರಿದ ಸಭಾಂಗಣವೊಂದರಲ್ಲಿ, ನೆರಳುಗಳನ್ನು ಆರಿಸದೆ, ಡ್ರಾ ಡಿಸ್ಟೆನ್ಸನ್ನು (ಎಷ್ಟು ದೂರದವರೆಗಿನ ದೃಶ್ಯವನ್ನು ಬಿಡಿಸಬೇಕೆಂಬ ಮಿತಿ) 128 ಮೀಟರಿಗಿಂತ ಕೆಳಗಿಳಿಸದೆ, ಯಾರ ಅವತಾರವನ್ನೂ (ಆ ಲೋಕದಲ್ಲಿ ಬಳಕೆದಾರರು ತಳೆಯುವ ರೂಪ) ಮರೆಮಾಡದೆ ಸರಾಗವಾಗಿ ಓಡಾಡುವುದು ಈ ವಾರ ಕೊನೆಗೂ ಸಾಧ್ಯವಾಯಿತು. ಕ್ಯಾಬಿನೆಟ್, ಪವರ್ ಸಪ್ಲೈ, ಎಸ್‌ಎಸ್‌ಡಿಗಳ ವಿಷಯವನ್ನು ಈ ವರದಿಯಲ್ಲಿ ಎತ್ತುವುದಿಲ್ಲ. ಅವುಗಳ ಆಯ್ಕೆಯಲ್ಲಿ ವಿಶೇಷವೇನೂ ಇರಲಿಲ್ಲ. ಬಹುಕಾಲ ಕಾಡಿದ ಒಂದು ಸಮಸ್ಯೆಯನ್ನಷ್ಟೇ ವಿವರವಾಗಿ ದಾಖಲಿಸುತ್ತೇನೆ.

ಖಾಲಿ ದ್ವೀಪದಲ್ಲಿ ನಿಂತರೆ ಫ್ರೇಮ್ ದರ, ಅಂದರೆ ಸೆಕೆಂಡಿಗೆ ಬಿಡಿಸುವ ಚಿತ್ರಗಳ ಸಂಖ್ಯೆ, ಚೆನ್ನಾಗಿಯೇ ಇರುತ್ತಿತ್ತು. ಮೂವತ್ತು ಅವತಾರಗಳು ಸೇರಿದ ಜಾಗಕ್ಕೆ ಕಾಲಿಟ್ಟ ಕೂಡಲೇ ಅದು 20ರ ಕೆಳಗೆ ಕುಸಿಯುತ್ತಿತ್ತು, ತಲೆ ತಿರುಗಿಸಿದಾಗಲೆಲ್ಲ ದೃಶ್ಯ ತಡವರಿಸುತ್ತಿತ್ತು. ಆ ಹೊತ್ತಿನಲ್ಲಿ ಗ್ರಾಫಿಕ್ಸ್ ಕಾರ್ಡ್‌ನ ಬಳಕೆ ಅರ್ಧಕ್ಕಿಂತಲೂ ಕಡಿಮೆ, ಪ್ರೊಸೆಸರ್‌ನ ಒಟ್ಟು ಬಳಕೆ ಶೇಕಡಾ 15ರ ಆಸುಪಾಸು. ಅಂಕಿಗಳನ್ನು ನಂಬುವುದಾದರೆ ಯಂತ್ರದಲ್ಲಿ ಯಾರಿಗೂ ಹೆಚ್ಚಿನ ಕೆಲಸವೇ ಇರಲಿಲ್ಲ. ಸಲಹೆ ಕೇಳಿದವರೆಲ್ಲ ದೊಡ್ಡ ಗ್ರಾಫಿಕ್ಸ್ ಕಾರ್ಡ್ ಕೊಳ್ಳಿ ಎಂದೇ ಹೇಳಿದರು. ಗೆಳೆಯರೊಬ್ಬರು ಪ್ರೀತಿಯಿಂದ ತಮ್ಮ ಬಲವಾದ ಕಾರ್ಡನ್ನೇ ಪರೀಕ್ಷೆಗೆಂದು ಕೊಟ್ಟರು. ಅದನ್ನು ಕೂರಿಸಿದರೂ ಸಭಾಂಗಣದ ಫ್ರೇಮ್ ದರ ಕದಲಲಿಲ್ಲ.

ಮೊದಲು ತಪ್ಪು ಸರ್ವರ್‌ನದೇ ಎಂಬುದನ್ನು ಪರಿಶೀಲಿಸಿದೆ. ಕಂಟ್ರೋಲ್-ಶಿಫ್ಟ್-1 ಒತ್ತಿ ಅಂಕಿಅಂಶಗಳ ಪಟ್ಟಿಯನ್ನು ತೆರೆದರೆ, ಟೈಮ್ ಡೈಲೇಷನ್ (ಸರ್ವರ್ ಹಿಂದೆ ಬೀಳುತ್ತಿದೆಯೇ ಎಂದು ತೋರಿಸುವ ಅಂಕಿ; 1 ಎಂದರೆ ಪೂರ್ಣ ವೇಗ) 1ರ ಹತ್ತಿರವಿತ್ತು, ಸಿಮ್ಯುಲೇಟರ್‌ನ (ಆ ಜಾಗವನ್ನು ನಡೆಸುವ ಸರ್ವರ್ ತಂತ್ರಾಂಶ) ದರ ಅದರ ಪೂರ್ಣ ಮಟ್ಟವಾದ 45ರಲ್ಲಿ ಸ್ಥಿರವಾಗಿತ್ತು. ಅಂದರೆ ಆ ಪ್ರದೇಶ ಆರೋಗ್ಯವಾಗಿಯೇ ಇತ್ತು. ಎರಡನೆಯ ಪರೀಕ್ಷೆ ಸರಳವಾದದ್ದು, ಆದರೆ ಎಲ್ಲಕ್ಕಿಂತ ಹೆಚ್ಚು ತಿಳಿಸಿದ್ದು ಅದೇ. ವ್ಯೂವರ್‌ನ (ಆ ಲೋಕವನ್ನು ನಮ್ಮ ಪರದೆಯಲ್ಲಿ ತೋರಿಸುವ ತಂತ್ರಾಂಶ) ಕಿಟಕಿಯನ್ನು ಕಾಲುಭಾಗಕ್ಕೆ ಕುಗ್ಗಿಸಿದೆ. ಬಿಡಿಸಬೇಕಾದ ಪಿಕ್ಸೆಲ್‌ಗಳು ಅಷ್ಟೊಂದು ಕಡಿಮೆಯಾದರೂ ಫ್ರೇಮ್ ದರ ಏರಲಿಲ್ಲ. ಬಳಿಕ ಕಿಟಕಿಯನ್ನು ಮೊದಲಿನಂತೆ ಹಿಗ್ಗಿಸಿ, ಸುತ್ತಲಿನ ಅವತಾರಗಳನ್ನು ಮರೆಮಾಡಿದೆ; ದರ ಒಮ್ಮೆಗೇ ಜಿಗಿಯಿತು. ಕಾರ್ಡ್ ಕೆಲಸಕ್ಕಾಗಿ ಕಾಯುತ್ತಿದೆ, ಅದಕ್ಕೆ ಕೆಲಸ ಹಂಚಬೇಕಾದ ಪ್ರೊಸೆಸರ್ ಹಿಂದೆ ಬಿದ್ದಿದೆ ಎಂಬುದು ಅಲ್ಲಿಗೆ ಖಚಿತವಾಯಿತು.

ಹಾಗಾದರೆ ಆ ಶೇಕಡಾ 15 ಏನು? ನನ್ನಲ್ಲಿದ್ದ ಪ್ರೊಸೆಸರ್ ರೈಜನ್ 7 2700: ಎಂಟು ಕೋರ್ (ಲೆಕ್ಕ ಮಾಡುವ ಘಟಕಗಳು), ಹದಿನಾರು ಥ್ರೆಡ್ (ಅವು ಒಟ್ಟಿಗೆ ನಡೆಸಬಲ್ಲ ಕೆಲಸದ ಸರಣಿಗಳು). ಒಂದು ಥ್ರೆಡ್ ಪೂರ್ತಿ ದಣಿದರೂ ಒಟ್ಟು ಲೆಕ್ಕದಲ್ಲಿ ಅದು ಶೇಕಡಾ 6.25 ಮಾತ್ರ. ಆಪರೇಟಿಂಗ್ ಸಿಸ್ಟಮ್ ಆ ಕೆಲಸವನ್ನು ಒಂದು ಕೋರಿನಿಂದ ಇನ್ನೊಂದಕ್ಕೆ ಸಾಗಿಸುತ್ತಲೇ ಇರುವುದರಿಂದ, ಕೋರುವಾರು ನಕ್ಷೆಯನ್ನು ನೋಡಿದರೂ ಯಾವ ಕೋರೂ ನೂರು ಮುಟ್ಟಿದಂತೆ ಕಾಣದೆ ಹೋಗಬಹುದು. ಎಂಟು ಎತ್ತುಗಳಿರುವ ಮನೆಯಲ್ಲಿ ಒಂದು ಹೊತ್ತಿಗೆ ಒಂದೇ ಎತ್ತು ಸರದಿಯಂತೆ ಗಾಡಿ ಎಳೆದು, ಉಳಿದವು ನೆರಳಿನಲ್ಲಿ ಮೆಲುಕು ಹಾಕುತ್ತಿದ್ದರೆ ಹೇಗೋ ಹಾಗೆ.

ವರ್ಚುವಲ್ ಲೋಕ ಸಾಮಾನ್ಯ ಆಟಗಳಿಗಿಂತ ಬೇರೆಯಾಗುವುದು ಇಲ್ಲಿಯೇ. ಆಟವೊಂದರ ದೃಶ್ಯವನ್ನು ಅದರ ತಯಾರಕರು ಮೊದಲೇ ಅಳೆದು, ಹಲವು ವಸ್ತುಗಳು ಒಂದೇ ಟೆಕ್ಸ್ಚರನ್ನು (ವಸ್ತುವಿನ ಮೇಲ್ಮೈಗೆ ಹೊದಿಸುವ ಚಿತ್ರ) ಹಂಚಿಕೊಳ್ಳುವಂತೆ ಒಪ್ಪ ಮಾಡಿರುತ್ತಾರೆ. 2003ರಲ್ಲಿ ಆರಂಭವಾದ ಸೆಕೆಂಡ್ ಲೈಫ್‌ನಲ್ಲಿ ಬಹುತೇಕ ಎಲ್ಲವನ್ನೂ ನಿವಾಸಿಗಳೇ ನಿರ್ಮಿಸಿದ್ದಾರೆ. ಒಬ್ಬರ ಕೂದಲಿಗೂ ಇನ್ನೊಬ್ಬರ ಪಾದರಕ್ಷೆಗೂ ಹಂಚಿಕೊಳ್ಳುವಂಥದ್ದು ಏನೂ ಇರುವುದಿಲ್ಲ, ಆ ಲೋಕದ ಸೊಗಸೂ ಅದೇ. ಒಂದು ಅವತಾರ 38 ವಸ್ತುಗಳವರೆಗೆ ತೊಡಬಹುದು. ಒಂದು ಮೆಶ್‌ಗೆ (ಮೂರು ಆಯಾಮದ ಆಕಾರ) ಎಂಟರವರೆಗೆ ಮುಖಗಳು, ಅಂದರೆ ಮೇಲ್ಮೈಯ ಭಾಗಗಳು, ಇರಬಹುದು, ಪ್ರತಿ ಮುಖಕ್ಕೂ ಬೇರೆ ಟೆಕ್ಸ್ಚರ್ ಇರಬಹುದು. ತೊಟ್ಟ ಪ್ರತಿ ವಸ್ತುವೂ ಒಂಟಿ ಮೆಶ್ ಎಂದುಕೊಂಡರೂ ಅವತಾರವೊಂದಕ್ಕೆ 304 ತುಣುಕುಗಳಾಗುತ್ತವೆ, ಮೂವತ್ತು ಜನ ಸೇರಿದರೆ 9,120. ನೆರಳನ್ನು ಹಾಕಿದರೆ ಇದೇ ದೃಶ್ಯವನ್ನು ಸೂರ್ಯನ ದಿಕ್ಕಿನಿಂದಲೂ ಮತ್ತೆ ಬಿಡಿಸಬೇಕು. ಇಂಥ ಪ್ರತಿ ತುಣುಕನ್ನೂ ಬಿಡಿಸುವಂತೆ ಪ್ರೊಸೆಸರ್ ಕಾರ್ಡ್‌ಗೆ ಆಜ್ಞೆ ಕಳಿಸಬೇಕು, ಮತ್ತು ಸೆಕೆಂಡಿಗೆ 60 ಫ್ರೇಮ್ ಬೇಕೆಂದರೆ ಅದಕ್ಕಿರುವ ಸಮಯ 16.7 ಮಿಲಿಸೆಕೆಂಡ್. ವ್ಯೂವರ್ ನೆಚ್ಚಿಕೊಂಡಿರುವುದು ಗ್ರಾಫಿಕ್ಸ್ ಕಾರ್ಡ್‌ಗೆ ಆಜ್ಞೆ ಕಳಿಸಲು 1992ರಲ್ಲಿ ಹುಟ್ಟಿದ ಓಪನ್‌ಜಿಎಲ್ ಎಂಬ ವ್ಯವಸ್ಥೆಯನ್ನು. ಜೆಪೆಗ್ 2000 ಎಂಬ ಕುಗ್ಗಿಸಿದ ಚಿತ್ರರೂಪದಲ್ಲಿ ಬರುವ ಟೆಕ್ಸ್ಚರ್‌ಗಳನ್ನು ಬಿಚ್ಚುವಂತಹ ಕೆಲಸಗಳು ಬೇರೆ ಥ್ರೆಡ್‌ಗಳಿಗೆ ಹೋಗುತ್ತವೆಯಾದರೂ, ದೃಶ್ಯವನ್ನು ಜೋಡಿಸಿ ಆಜ್ಞೆಗಳನ್ನು ಕಳಿಸುವ ಹೊರೆ ಮುಖ್ಯ ಥ್ರೆಡ್‌ನ ಹೆಗಲಿನ ಮೇಲೆಯೇ ಉಳಿಯುತ್ತದೆ.

ಆದ್ದರಿಂದ ನನ್ನ ಖಚಿತವಾದ ಅಭಿಪ್ರಾಯವಿದು: ಇಂಥ ಲೋಕಕ್ಕಾಗಿ ಕಂಪ್ಯೂಟರ್ ಆರಿಸುವವರು ಮೊದಲು ನೋಡಬೇಕಾದದ್ದು ಪ್ರೊಸೆಸರ್‌ನ ಒಂದೇ ಕೋರಿನ ವೇಗವನ್ನು ಮತ್ತು ಕ್ಯಾಶ್‌ನ (ಪ್ರೊಸೆಸರ್‌ನೊಳಗಿನ ಚಿಕ್ಕ, ವೇಗದ ಮೆಮೊರಿ) ಗಾತ್ರವನ್ನು, ಕೋರ್‌ಗಳ ಸಂಖ್ಯೆ ಆಮೇಲಿನ ಮಾತು. ನನ್ನ ಮದರ್‌ಬೋರ್ಡ್‌ನಲ್ಲಿ ಪ್ರೊಸೆಸರ್ ಕೂರುವ ಸಾಕೆಟ್ ಎಎಂ4 ಆಗಿದ್ದರಿಂದ 2022ರಲ್ಲಿ ಬಂದ ರೈಜನ್ 7 5800ಎಕ್ಸ್3ಡಿಯನ್ನು ಆರಿಸಿದೆ. ಅದರ ಗರಿಷ್ಠ ವೇಗ 4.5 ಗಿಗಾಹರ್ಟ್ಸ್, ಅಂದರೆ 4.7 ಮುಟ್ಟುವ 5800ಎಕ್ಸ್‌ಗಿಂತ ಕಡಿಮೆ. ಆದರೆ ಎಲ್3 ಕ್ಯಾಶ್ 32 ಎಂಬಿಯ ಬದಲು 96 ಎಂಬಿ. ಸಾವಿರಾರು ಚಿಕ್ಕ ವಸ್ತುಗಳ ಪಟ್ಟಿಯನ್ನು ಪ್ರತಿ ಫ್ರೇಮ್‌ನಲ್ಲೂ ತಿರುವಿಹಾಕುವ ಕೆಲಸದಲ್ಲಿ, ಬೇಕಾದ ಮಾಹಿತಿಗಾಗಿ ರ‍್ಯಾಮ್‌ವರೆಗೆ ಹೋಗಿಬರುವ ಅಲೆದಾಟ ತಪ್ಪುವುದೇ ದೊಡ್ಡ ಲಾಭ. ಹಳೆಯ ಬೋರ್ಡ್ ಇರುವವರು ಹಳೆಯ ಪ್ರೊಸೆಸರ್ ಇನ್ನೂ ಕೂತಿರುವಾಗಲೇ ಬಯೋಸ್ (ಬೋರ್ಡ್‌ನ ಮೂಲ ತಂತ್ರಾಂಶ) ನವೀಕರಿಸಿಕೊಳ್ಳಿ; ಇಲ್ಲವಾದರೆ ಹೊಸ ಪ್ರೊಸೆಸರನ್ನು ಬೋರ್ಡ್ ಗುರುತಿಸದೆ ಹೋಗಬಹುದು. ಅದೇ ಸಭಾಂಗಣದಲ್ಲಿ, ಅದೇ ಕಾರ್ಡ್‌ನೊಂದಿಗೆ, ಈಗ ಫ್ರೇಮ್ ದರ 40ರ ಮೇಲೆ ನಿಲ್ಲುತ್ತಿದೆ.

ತಡವರಿಕೆ ಹೋದ ಮೇಲೆ ಅದರ ಹಿಂದೆ ಅಡಗಿದ್ದ ಇನ್ನೊಂದು ಕೊರತೆ ಕಾಣಿಸಿತು. ಗೋಡೆಗಳ ಚಿತ್ರಗಳು ಸ್ಪಷ್ಟವಾಗಿ, ಮತ್ತೆ ಮಸುಕಾಗಿ, ಮತ್ತೆ ಸ್ಪಷ್ಟವಾಗುತ್ತಿದ್ದವು. ಇದು ಕಾರ್ಡ್‌ನ ಮೆಮೊರಿ ತುಂಬಿದ ಲಕ್ಷಣ. 1024×1024ರ ಟೆಕ್ಸ್ಚರ್ ಒಂದನ್ನು ಬಿಚ್ಚಿಟ್ಟರೆ 4 ಎಂಬಿ, ಮಿಪ್‌ಮ್ಯಾಪ್‌ಗಳು (ದೂರದ ನೋಟಕ್ಕಾಗಿ ಇಡುವ ಅದೇ ಚಿತ್ರದ ಚಿಕ್ಕ ಪ್ರತಿಗಳು) ಸೇರಿದರೆ 5 ಎಂಬಿಗಿಂತ ಹೆಚ್ಚು. ಅಂಥ ಸಾವಿರ ಟೆಕ್ಸ್ಚರ್‌ಗಳು ಸೇರಲು ಒಂದು ಸಂತೆಯ ಜಾಗ ಸಾಕು. ಹಾಗಾಗಿ ಇಲ್ಲಿ ಕಾರ್ಡ್‌ನ ಬಲಕ್ಕಿಂತ ಮೆಮೊರಿಯ ಗಾತ್ರವೇ ನನಗೆ ಮುಖ್ಯವಾಯಿತು. ಹೆಚ್ಚು ಬಲವಿರುವ ಆರ್‌ಟಿಎಕ್ಸ್ 3060 ಟಿಐಯಲ್ಲಿ 8 ಜಿಬಿ ಇದ್ದರೆ, ಅದಕ್ಕಿಂತ ಕೆಳಗಿನ 3060ಯಲ್ಲಿ 12 ಜಿಬಿ ಇದೆ. ನಾನು ಕೇಳಿದ್ದು ಎರಡನೆಯದನ್ನು.

ಮಾರಾಟಗಾರರು ಕಳಿಸಿದ್ದು ಮಾತ್ರ 8 ಜಿಬಿಯ 3060. ಇದು ಅದೇ ಹೆಸರಿನ, ಆದರೆ ಬೇರೆಯೇ ಕಾರ್ಡ್: ಮೆಮೊರಿಯ ಬಸ್ (ಮಾಹಿತಿ ಸಾಗುವ ದಾರಿಯ ಅಗಲ) 192 ಬಿಟ್‌ನಿಂದ 128ಕ್ಕೆ ಇಳಿದಿದೆ, ವೇಗ ಸೆಕೆಂಡಿಗೆ 360 ಜಿಬಿಯಿಂದ 240ಕ್ಕೆ ಇಳಿದಿದೆ. ಬಿಲ್ಲಿನಲ್ಲಿ 12 ಜಿಬಿ ಎಂದು ಬರೆದಿದ್ದರೂ, ಎರಡೂ ಒಂದೇ ಎಂದು ವಾದಿಸಿದವರಿಗೆ ಅಂಕಿಗಳ ಸಮೇತ ಪತ್ರ ಬರೆದ ಮೇಲೆಯೇ ಬದಲಿ ಕಾರ್ಡ್ ಬಂದದ್ದು. ಒಂದೇ ಹೆಸರಿನಡಿ ಎರಡು ಸಾಮರ್ಥ್ಯಗಳನ್ನು ಮಾರುವ ಪದ್ಧತಿ ಕೊಳ್ಳುವವರಿಗೆ ಮಾಡುವ ಅನ್ಯಾಯ. ಪೆಟ್ಟಿಗೆಯನ್ನು ಬಿಚ್ಚುವ ಮೊದಲೇ ಅದರ ಮೇಲಿನ ಜಿಬಿಯನ್ನು ಓದಿಕೊಳ್ಳಿ. 12 ಜಿಬಿಯ ಕಾರ್ಡ್ ಬಂದ ಮೇಲೆ ಗೋಡೆಗಳು ಮಸುಕಾಗುವುದು ನಿಂತಿದೆ.

ತೆಗೆದಿಟ್ಟ 2700 ವ್ಯರ್ಥವಾಗಲು ಬಿಡುವುದಿಲ್ಲ. ಅದನ್ನು ಇನ್ನೊಂದು ಬೋರ್ಡಿಗೆ ಕೂರಿಸಿ ಸೆಕೆಂಡ್ ಲೈಫ್‌ನಂಥ ಲೋಕವನ್ನು ನಾವೇ ನಡೆಸಲು ಬಿಡುವ ಓಪನ್‌ಸಿಮ್ಯುಲೇಟರ್ ತಂತ್ರಾಂಶದ ಸರ್ವರ್ ಮಾಡುವ ಯೋಜನೆಯಿದೆ. ಹಲವು ಪ್ರದೇಶಗಳನ್ನು ಒಟ್ಟಿಗೆ ನಡೆಸುವಾಗ ಅದರ ಎಂಟೂ ಕೋರ್‌ಗಳಿಗೆ ಕೆಲಸ ಸಿಗುತ್ತದೆ. ಬ್ಲೆಂಡರ್ ಎಂಬ 3ಡಿ ತಂತ್ರಾಂಶದಲ್ಲಿ ನಾನು ಕಟ್ಟುತ್ತಿರುವ ಗ್ರಂಥಾಲಯದ ಮಾದರಿಯನ್ನು ಮೊದಲು ಅಲ್ಲಿಗೇ ಏರಿಸುತ್ತೇನೆ. ಕಪಾಟುಗಳಿಗೆಲ್ಲ ಒಂದೇ ಟೆಕ್ಸ್ಚರ್, ದೂರದಿಂದ ನೋಡುವಾಗ ಪುಸ್ತಕಗಳ ಸಾಲಿಗೆ ಬದಲಾಗಿ ಒಂದು ಚಪ್ಪಟೆ ಹಲಗೆ: ಇಷ್ಟು ಮಾಡಿದರೆ ನೋಡುಗರ ಯಂತ್ರದಲ್ಲಿ ಎಷ್ಟು ಮಿಲಿಸೆಕೆಂಡ್ ಉಳಿಯುತ್ತದೆ ಎಂಬುದನ್ನು ಮುಂದಿನ ವರದಿಯಲ್ಲಿ ಅಳತೆಗಳೊಂದಿಗೆ ಬರೆಯುತ್ತೇನೆ.