ಗಾಡಿ ಬಿಟ್ಟು ಬರಲ್ಲ ಅಣ್ಣ

ದಾವಣಗೆರೆ ದೊಡ್ಡ ಊರೇನೋ ಹೌದು, ಆದರೆ ಕದ್ದು ಕುಡಿಯುವಷ್ಟು ದೊಡ್ಡದಲ್ಲ. ರಾಮ್ ಅಂಡ್ ಕೋ ಸರ್ಕಲ್‌ನಲ್ಲಿ ಸುಮ್ನೆ ನಿಂತರೂ ಒಬ್ಬ ಮಾವನೋ ಒಬ್ಬ ಲೆಕ್ಚರರೋ ಸಿಕ್ಕೇ ಸಿಗುತ್ತಾರೆ. ಅದಕ್ಕೇ ಇಲ್ಲಿನ ಕಾಲೇಜು ಹುಡುಗರು ಪಾರ್ಟಿ ಅಂದರೆ ಬೈಕ್ ಹತ್ತಿ ಊರಾಚೆ ಹೋಗುತ್ತಾರೆ. ಹರಿಹರದ ಕಡೆ ದೊಡ್ಡಬಾತಿ ದಾಟಿ, ಇಲ್ಲಾಂದ್ರೆ ಚಿತ್ರದುರ್ಗದ ಕಡೆ ಯಾವುದಾದರೂ ಡಾಬಾ. ಹೋಗುವಾಗ ಏನೂ ತೊಂದರೆ ಇಲ್ಲ. ವಾಪಸ್ ಬರುವುದು ಅದೇ ಹೆದ್ದಾರಿ 48ರಲ್ಲಿ, ನಡುರಾತ್ರಿ, ಲಾರಿಗಳ ಮಧ್ಯೆ.

ನನ್ನದು ವಾಹನ ವಿಮೆಯ ಸರ್ವೇ ಕೆಲಸ. ಜನವರಿ ಮೊದಲ ವಾರ ಯಾವ ಗ್ಯಾರೇಜಿಗೆ ಹೋದರೂ ಫೋರ್ಕ್ ಬೆಂಡ್ ಆದ, ಹೆಡ್‌ಲೈಟ್ ಪುಡಿಯಾದ ಬೈಕ್‌ಗಳು ಸಾಲಾಗಿ ನಿಂತಿರುತ್ತವೆ. ಹೇಗೆ ಬಿತ್ತು ಅಂತ ಕೇಳಿದರೆ ಎಲ್ಲರದ್ದೂ ಒಂದೇ ಉತ್ತರ: ನಾಯಿ ಅಡ್ಡ ಬಂತು. ನಮ್ಮೂರ ನಾಯಿಗಳು ಡಿಸೆಂಬರ್ 31ರ ರಾತ್ರಿಯೇ ಕಾದು ರಸ್ತೆ ದಾಟುತ್ತವೋ ಏನೋ. ಕುಡಿದು ಓಡಿಸಿದ್ದು ಗೊತ್ತಾದರೆ ಸ್ವಂತ ಗಾಡಿಯ ಡ್ಯಾಮೇಜಿಗೆ ಕ್ಲೇಮ್ ಸಿಗುವುದಿಲ್ಲ. ಹಾಗಾಗಿ ಪಾಪ, ನಾಯಿ ಬರಲೇಬೇಕು.

ಇಂಥ ಹುಡುಗರನ್ನು ಡಿಸೆಂಬರ್ 31ರ ರಾತ್ರಿ ನಾವೇ ಹೋಗಿ ಮನೆಗೆ ಬಿಡುವ ಕೆಲಸ ಶುರು ಮಾಡಿದೆವು. ಅದು ನಮ್ಮ ತಲೆಯಿಂದ ಹುಟ್ಟಿದ್ದಲ್ಲ. ನಮ್ಮ ಬೀದಿಯ ಹುಡುಗಿಯೊಬ್ಬಳು ಅಮೆರಿಕದ ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯದಲ್ಲಿ ಎಂ.ಎಸ್. ಮಾಡುತ್ತಿದ್ದಳು. ಅಲ್ಲಿ ವಿದ್ಯಾರ್ಥಿಗಳೇ ಸೇರಿ 1999ರಿಂದ ಕಾರ್‌ಪೂಲ್ ಅನ್ನೋ ಹೆಸರಿನಲ್ಲಿ ಇದನ್ನು ನಡೆಸುತ್ತಿದ್ದಾರಂತೆ. ವಾರಾಂತ್ಯದ ರಾತ್ರಿ ಫೋನ್ ಮಾಡಿದರೆ ಬಂದು ಮನೆಗೆ ಬಿಡುತ್ತಾರೆ. ದುಡ್ಡಿಲ್ಲ, ಬುದ್ಧಿಮಾತಿಲ್ಲ. ಊರಿಗೆ ಬಂದಾಗ ಇದನ್ನು ಹೇಳಿ, ‘ನೀವೂ ಮಾಡ್ರಿ ಅಂಕಲ್, ವರ್ಷಕ್ಕೆ ಒಂದು ರಾತ್ರಿ ಆದ್ರೂ’ ಅಂದಳು. ಅಂಕಲ್ ಅಂದಿದ್ದು ಸ್ವಲ್ಪ ಚುಚ್ಚಿತು, ಆದರೆ ಮಾತು ತಲೆಯಲ್ಲಿ ಕೂತಿತು.

ನಾವು ನಾಲ್ಕು ಜನ ಸೇರಿದೆವು. ಹಳೇ ಓಮ್ನಿಯಲ್ಲಿ ಸ್ಕೂಲ್ ಮಕ್ಕಳನ್ನು ಬಿಡುವ ಅಣ್ಣ ಒಬ್ಬರು. ಅವರ ಪಕ್ಕದ ಮನೆಯ ಅಕ್ಕ, ಸ್ಟಾಫ್ ನರ್ಸ್. ಯಾವ ಬೈಕ್ ಕೊಟ್ಟರೂ ಓಡಿಸುವ, ಇಂಜಿನಿಯರಿಂಗ್ ಮುಗಿಸಿ ಕೆಲಸ ಹುಡುಕುತ್ತಿದ್ದ ಒಬ್ಬ ಹುಡುಗ. ಮತ್ತೆ ನಾನು. ನಂಬರ್ ಬರೆದ ಚೀಟಿಯನ್ನು ವಿದ್ಯಾನಗರ, ಶಾಮನೂರು ರಸ್ತೆ, ಹದಡಿ ರಸ್ತೆಯ ಪಿಜಿಗಳ ಹತ್ತಿರ, ಬೀಡಾ ಅಂಗಡಿಗಳಲ್ಲಿ ಅಂಟಿಸಿದೆವು. ‘ಹೆಸರು ಕೇಳಲ್ಲ, ಕಾಲೇಜು ಕೇಳಲ್ಲ, ಫೋಟೋ ತೆಗೆಯಲ್ಲ’ ಅಂತಲೂ ಬರೆದಿದ್ದೆವು. ಆದರೂ ಮೊದಲು ಬಂದ ಫೋನ್‌ಗಳೆಲ್ಲ ನಾವು ಪೊಲೀಸರೋ ಅಲ್ವೋ ಅಂತ ಪರೀಕ್ಷೆ ಮಾಡುವುದಕ್ಕೆ. ಒಬ್ಬನಂತೂ ಮಂಡಕ್ಕಿ ಮೆಣಸಿನಕಾಯಿ ಪಾರ್ಸಲ್ ತರ್ತೀರಾ ಅಂತ ಕೇಳಿದ.

ಹನ್ನೆರಡು ದಾಟಿದ ಮೇಲೆ ನಿಜವಾದ ಫೋನ್ ಬಂತು. ದೊಡ್ಡಬಾತಿ ಆಚೆಯ ಡಾಬಾ. ಇಬ್ಬರು ಹುಡುಗರು, ಒಂದು ಬೈಕ್. ಹೋಗಿ ನೋಡಿದರೆ ಒಬ್ಬ ಕಟ್ಟೆಗೆ ಒರಗಿ ಔಟ್ ಆಗಿದ್ದ. ಇನ್ನೊಬ್ಬ ಬೈಕಿನ ಮೇಲೆ ಕೂತು, ಕೀಲಿಯನ್ನು ಕೈಯಲ್ಲಿ ಗಟ್ಟಿಯಾಗಿ ಹಿಡಿದಿದ್ದ.

‘ಅಣ್ಣಾ, ನಾನು ಸ್ಟೆಡಿ ಇದೀನಿ. ಇವನ್ನೊಬ್ಬನ್ನ ಕರ್ಕೊಂಡು ಹೋಗ್ರಿ.’

‘ಎಷ್ಟಾಗಿದೆ?’

‘ಎರಡು ನೈಂಟಿ ಅಷ್ಟೇ. ಕಾಫಿ ಕುಡಿದಿದೀನಿ, ನಿಂಬೆಹಣ್ಣೂ ತಿಂದಿದೀನಿ.’

ಕಾಫಿ, ನಿಂಬೆಹಣ್ಣು, ಮಜ್ಜಿಗೆ, ಏಲಕ್ಕಿ. ಇದನ್ನೆಲ್ಲ ಯಾರು ಶುರು ಮಾಡಿದರೋ ಗೊತ್ತಿಲ್ಲ. ಬಾಯಿ ವಾಸನೆ ಸ್ವಲ್ಪ ಹೋಗಬಹುದು, ರಕ್ತದಲ್ಲಿರುವುದು ಎಲ್ಲಿ ಹೋಗುತ್ತದೆ? ಅದನ್ನು ಲಿವರ್ ತನ್ನ ಪಾಡಿಗೆ ತಾನು ನಿಧಾನಕ್ಕೆ ಕರಗಿಸಬೇಕು. ಎರಡು ನೈಂಟಿ ಪೂರ್ತಿ ಇಳಿಯುವುದಕ್ಕೆ ಚೆನ್ನಾಗಿ ಬೆಳಗಾಗಬೇಕು. ನೂರು ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಜಾಸ್ತಿ ಆಲ್ಕೋಹಾಲ್ ಇದ್ದರೆ ಡಿಡಿ, ಅಂದರೆ ಡ್ರಂಕ್ ಅಂಡ್ ಡ್ರೈವ್ ಕೇಸು. ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. 2019ರ ತಿದ್ದುಪಡಿಗೆ ಮುಂಚೆ ದಂಡ 2,000ದವರೆಗೆ ಇತ್ತು. ಇದನ್ನೆಲ್ಲ ಅವನಿಗೆ ಹೇಳಿದೆ. ದಂಡದ ಮಾತಿಗೆ ಅವನು ಅಲ್ಲಾಡಲಿಲ್ಲ.

‘ಅಣ್ಣಾ, ಗಾಡಿ ಬಿಟ್ಟು ಬರಲ್ಲ. ಇದು ಅಪ್ಪಂದು. ನಾನು ಬಿದ್ರೆ ಪರವಾಗಿಲ್ಲ, ಗಾಡಿಗೆ ಗೀರು ಬಿದ್ರೆ ಸಾಯಿಸ್ತಾನೆ.’

ನಮಗೆ ವಿಷಯ ಅರ್ಥ ಆಗಿದ್ದು ಅಲ್ಲಿ. ಟೆಕ್ಸಾಸ್‌ನವರು ಕಾರನ್ನು ಅಲ್ಲೇ ಬಿಟ್ಟು ಬೆಳಿಗ್ಗೆ ಬಂದು ಒಯ್ಯಬಹುದು. ನಮ್ಮ ಹುಡುಗ ಡಾಬಾ ಮುಂದೆ ಬೈಕ್ ಬಿಟ್ಟು ಬಂದರೆ ಬೆಳಿಗ್ಗೆ ಪೆಟ್ರೋಲ್ ಇರುತ್ತದಾ, ಬೈಕ್ ಇರುತ್ತದಾ ಅಂತ ನಿದ್ದೆ ಮಾಡಲ್ಲ. ಹುಡುಗನ ಜೊತೆ ಬೈಕೂ ಮನೆ ಸೇರಬೇಕು. ಆಗ ಮಾತ್ರ ಕೀಲಿ ಕೈಗೆ ಬರುತ್ತದೆ. ನಮ್ಮ ಜೊತೆಗಿದ್ದ ಇಂಜಿನಿಯರಿಂಗ್ ಹುಡುಗ ಹೆಲ್ಮೆಟ್ ಹಾಕಿಕೊಂಡು, ‘ನಿಮ್ಮ ಓಮ್ನಿ ಹಿಂದೇನೇ ಬರ್ತೀನಿ, ಕಿಟಕೀಲಿ ನೋಡ್ತಾ ಇರಪ್ಪ’ ಅಂದ. ಅದಕ್ಕೆ ಬೈಕಿನವನು ಒಪ್ಪಿದ. ದಾರಿಯುದ್ದಕ್ಕೂ ಹಿಂದಿನ ಗ್ಲಾಸಿಗೆ ಮುಖ ಒತ್ತಿ ಬೈಕನ್ನೇ ನೋಡುತ್ತಿದ್ದ. ‘ಅಣ್ಣಾ, ಥರ್ಡ್ ಗೇರ್‌ನಲ್ಲೇ ಎಳೀತಿದಾನೆ’ ಅಂತ ಒಂದು ಸಲ ದೂರೂ ಹೇಳಿದ.

ಇನ್ನೊಬ್ಬನ ಕತೆ ಬೇರೆ. ಹಿಂದಿನ ಸೀಟಿನಲ್ಲಿ ಅಂಗಾತ ಮಲಗಿಸಿದ್ದೆವು. ಅಕ್ಕ ನೋಡಿದ ತಕ್ಷಣ ಬೈದರು. ‘ಹಿಂಗೆ ಮಲಗಿಸಿದ್ರೆ ವಾಂತಿ ಗಂಟಲಿಗೇ ಹೋಗುತ್ತೆ, ಉಸಿರು ಕಟ್ಟುತ್ತೆ.’ ಅವನನ್ನು ಎಡ ಮಗ್ಗುಲಿಗೆ ತಿರುಗಿಸಿದರು. ಮೇಲಿನ ಮೊಣಕಾಲು ಮಡಿಸಿ ಮುಂದಕ್ಕೆ ಇಟ್ಟರು, ಉರುಳದೇ ಇರಲಿ ಅಂತ. ಅವನದೇ ಕೈಯನ್ನು ಕೆನ್ನೆಯ ಕೆಳಗೆ ಇಟ್ಟು, ತಲೆಯನ್ನು ಸ್ವಲ್ಪ ಹಿಂದಕ್ಕೆ ಮಾಡಿ, ಬಾಯಿ ಕೆಳಮುಖ ಮಾಡಿದರು. ಆಮೇಲೆ ಹೆಸರು ಕರೆದರು, ಹೆಗಲು ತಟ್ಟಿದರು, ಉಸಿರು ಎಣಿಸಿದರು. ‘ಹ್ಞೂಂ’ ಅಂದ. ಅಂದಿರದಿದ್ದರೆ ಮನೆಗಲ್ಲ, 108ಕ್ಕೆ ಫೋನ್ ಮಾಡಬೇಕಿತ್ತು ಅಂದರು. ಐದು ನಿಮಿಷಕ್ಕೆ ವಾಂತಿ ಆಯಿತು. ಬಾಯಿಂದ ನೇರ ಓಮ್ನಿಯ ಮ್ಯಾಟ್ ಮೇಲೆ. ಅಣ್ಣ ಸ್ಟೇರಿಂಗ್ ಹಿಡಿದುಕೊಂಡೇ, ‘ಸೋಮವಾರ ಎಲ್‌ಕೆಜಿ ಮಕ್ಕಳು ಕೂರಬೇಕು ಕಣಪ್ಪ’ ಅಂದರು. ಅಷ್ಟೇ, ಮತ್ತೆ ಒಂದು ಮಾತೂ ಆಡಲಿಲ್ಲ.

ಊರು ಹತ್ತಿರ ಬರುವಾಗ ಮುಂದೆ ಕಬ್ಬು ತುಂಬಿದ ಟ್ರ್ಯಾಕ್ಟರ್. ಎರಡು ಟ್ರೇಲರ್. ಹಿಂದೆ ಲೈಟಿಲ್ಲ, ರಿಫ್ಲೆಕ್ಟರ್ ಇಲ್ಲ, ಜೊತೆಗೆ ಮಂಜು ಬೇರೆ. ಅಣ್ಣ ಬ್ರೇಕ್ ಹಾಕಿದಾಗ ಕಬ್ಬಿನ ತುದಿಗಳು ವಿಂಡ್‌ಸ್ಕ್ರೀನಿನ ಮುಂದೆಯೇ ಇದ್ದವು. ಏನೂ ಕುಡಿಯದ, ವರ್ಷಗಟ್ಟಲೆ ವ್ಯಾನ್ ಓಡಿಸಿದ ಮನುಷ್ಯನಿಗೇ ಅದು ತಡವಾಗಿ ಕಂಡಿತು. ಕಿಟಕಿಯ ಹುಡುಗ ಮೊದಲ ಸಲ ಸುಮ್ಮನಾದ.

ಓಡಿಸುವುದೇ ಕಷ್ಟದ ಕೆಲಸ ಅಂದುಕೊಂಡಿದ್ದೆವು. ಅದಕ್ಕಿಂತ ಕಷ್ಟ ಆಮೇಲೆ ಶುರುವಾಯಿತು. ಎಲ್ಲಿಗೆ ಬಿಡಬೇಕಪ್ಪ ಅಂದರೆ ಇಬ್ಬರೂ ಹಾಸ್ಟೆಲ್. ಗೇಟು ರಾತ್ರಿ ಒಂಬತ್ತೂವರೆಗೆ ಬಂದ್. ಊರಿಗೆ ಹೋಗ್ತೀವಿ ಅಂತ ರಿಜಿಸ್ಟರ್‌ನಲ್ಲಿ ಬರೆದು ಬಂದಿದ್ದರು. ಈಗ ಗೇಟು ತಟ್ಟಿದರೆ ಸುಳ್ಳು ಗೊತ್ತಾಗುತ್ತದೆ, ಅಪ್ಪನಿಗೆ ಫೋನ್ ಹೋಗುತ್ತದೆ. ಗೆಳೆಯನ ಪಿಜಿಗೆ ಹೋದೆವು. ಪಿಜಿ ಆಂಟಿ ಮೇಲಿನಿಂದಲೇ ಟಾರ್ಚ್ ಬಿಟ್ಟು, ‘ಯಾರ್ರೀ ಅದು, ಹೋಗ್ರಿ’ ಅಂದರು. ತಪ್ಪೇನಿಲ್ಲ, ಅವರ ಜಾಗದಲ್ಲಿ ನಾನಿದ್ದರೂ ಹಾಗೇ ಅನ್ನುತ್ತಿದ್ದೆ. ‘ಇಂಥ ದಿನ ಏನ್ ಮಾಡ್ತೀರಲೇ’ ಅಂತ ಕೇಳಿದೆ. ಡಾಬಾದಲ್ಲೇ ಬೆಳಗಿನವರೆಗೆ ಕೂರುತ್ತಾರಂತೆ. ಕೂತರೆ ಇನ್ನೊಂದು ಕ್ವಾರ್ಟರ್. ಚಳಿ ತಡೆಯದೆ ನಾಲ್ಕಕ್ಕೋ ಐದಕ್ಕೋ ಎದ್ದು ಹೊರಡುವುದು. ಹುಡುಗರನ್ನು ಕಾಯುವುದಕ್ಕೆ ಅಂತ ಹಾಕಿದ ಗೇಟು ಅವರನ್ನು ಹೈವೇಯಲ್ಲೇ ಉಳಿಸುತ್ತಿದೆ, ಅಲ್ವಾ?

ಕೊನೆಗೆ ಓಮ್ನಿ ಅಣ್ಣನ ಮನೆ ಹಾಲ್‌ನಲ್ಲಿ ಚಾಪೆ ಹಾಸಿದೆವು. ಬೈಕ್ ಕಾಂಪೌಂಡ್ ಒಳಗೆ ಬಂದ ಮೇಲೆಯೇ ಆ ಹುಡುಗ ಮಲಗಿದ್ದು. ಅಣ್ಣನ ಅವ್ವ ಎದ್ದು ಬಂದು ಇಬ್ಬರಿಗೂ ಚೆನ್ನಾಗಿ ಬೈದು, ಆಮೇಲೆ ಕಂಬಳಿ ಕೊಟ್ಟರು. ಬುದ್ಧಿಮಾತು ಬೇಡ ಅನ್ನೋ ನಮ್ಮ ನಿಯಮ ಅವರಿಗೆ ಯಾರೂ ಹೇಳಿರಲಿಲ್ಲ. ಬೆಳಿಗ್ಗೆ ಕೀಲಿ ಕೊಟ್ಟಾಗ ಹುಡುಗ ಮೊದಲು ಪೆಟ್ರೋಲ್ ನೋಡಿದ, ಆಮೇಲೆ ಮಿರರ್ ಅಲ್ಲಾಡಿಸಿದ. ‘ಇದು ಮುಂಚೆ ಲೂಸ್ ಇರಲಿಲ್ಲ ಅಣ್ಣ’ ಅಂದ.

ಆ ಹಾಸ್ಟೆಲ್ಲಿನ ವಾರ್ಡನ್ ಹತ್ತಿರ ನಾನೇ ಹೋದೆ, ಹುಡುಗರ ವಿಷಯ ಎತ್ತದೆ. ವರ್ಷಕ್ಕೆ ಎರಡು ಮೂರು ರಾತ್ರಿ ನಾವು ಕರೆತಂದವರಿಗೆ ಗೇಟು ತೆಗೀರಿ, ವಿಚಾರಣೆ ಏನಿದ್ರೂ ಬೆಳಿಗ್ಗೆ ಇಟ್ಕೊಳ್ರಿ ಅಂದೆ. ಒಳ್ಳೆ ಮನುಷ್ಯ, ಪೂರ್ತಿ ಕೇಳಿಸಿಕೊಂಡರು. ‘ತೆಗೆದ್ರೆ ಕುಡಿಯೋಕೆ ನೀವೇ ಬಿಟ್ರಿ ಅಂತಾರೆ. ತೆಗೀದೆ ಏನಾದ್ರೂ ಆದ್ರೆ ಯಾಕೆ ತೆಗೀಲಿಲ್ಲ ಅಂತಾರೆ. ನಾನು ಯಾರಿಗೆ ಉತ್ತರ ಹೇಳ್ಲಿ ಸಾರ್? ಒಂದು ಅರ್ಜಿ ಬರೆದು ಕೊಡ್ರಿ, ಮೇಲೆ ಕಳಿಸ್ತೀನಿ’ ಅಂದರು. ನಮಗೆ ಸಂಘವಿಲ್ಲ, ಲೆಟರ್‌ಹೆಡ್ ಇಲ್ಲ. ಬಿಳಿ ಹಾಳೆಯಲ್ಲೇ ಬರೆದು ನಾಲ್ವರೂ ಸಹಿ ಹಾಕಿ ಕೊಟ್ಟೆವು.

ಆ ಅರ್ಜಿ ಏನಾಯ್ತು ಅಂತ ಕೇಳೋಣ ಅಂತ ಮೊನ್ನೆ ಹೋಗಿದ್ದೆ. ವಾರ್ಡನ್ ಬದಲಾಗಿದ್ದಾರೆ. ಹೊಸಬರು ಕುರ್ಚಿ ತೋರಿಸಿ, ‘ಕೂತ್ಕೊಳ್ರಿ, ಮೊದಲಿಂದ ಹೇಳ್ರಿ’ ಅಂದರು.